ತೊಂಬತ್ತೆರಡನೆಯ ಮೆಟ್ಟಿಲು

ದಿನವಿಡೀ ದುಡಿದು ಮನೆಗೆ ಬಂದ ಮನುಷ್ಯನು ವಿಶ್ರಾಂತಿಯ ಹೆಸರಿನಲ್ಲಿ ಇನ್ನೊಂದು ದುಡಿಮೆಗೆ ಕೈಹಾಕುವುದು ಹೊಸತೇನಲ್ಲ. ತೋಟದ ಕೆಲಸ ಮುಗಿಸಿದವನು ಸಂಜೆ ಜಗಲಿಯಲ್ಲಿ ಕುಳಿತು ಬಲೆ ಹೆಣೆಯುತ್ತಾನೆ. ಶಾಲೆಯಿಂದ ಮರಳಿದ ಅಧ್ಯಾಪಕನು ಮಲ್ಲಿಗೆಯ ಬುಡಕ್ಕೆ ಮಣ್ಣು ಏರಿಸುತ್ತಾನೆ. ಆದರೆ ಇಲ್ಲದ ಬಂಡೆಯನ್ನು ಇಲ್ಲದ ಪಿಕಾಸಿಯಿಂದ ಕಡಿದು, ಇಲ್ಲದ ಅದಿರನ್ನು ಇಲ್ಲದ ಕುಲುಮೆಯಲ್ಲಿ ಕರಗಿಸುವುದರಲ್ಲಿ ಲೋಕದ ಲಕ್ಷಾಂತರ ಮಂದಿ ತಮ್ಮ ಬಿಡುವನ್ನೆಲ್ಲ ವ್ಯಯಿಸುತ್ತಿರುವರೆಂಬುದು ಸೋಜಿಗದ ಸಂಗತಿ. ಅಂತರಜಾಲದ ಪಾತ್ರಧಾರಣೆಯ ಆಟಗಳಲ್ಲಿ ಖಡ್ಗವುಂಟು, ಮಂತ್ರವುಂಟು, ರಾಕ್ಷಸರೂ ಉಂಟು. ಆದರೂ ಆಡುವವರ ಹೊತ್ತಿನ ದೊಡ್ಡ ಪಾಲು ಸಲ್ಲುವುದು ರಾಕ್ಷಸರಿಗಲ್ಲ. ಖಡ್ಗವನ್ನು ಮಾಡಲು ಬೇಕಾದ ಲೋಹ, ಕಟ್ಟಿಗೆ, ತೊಗಲು, ನಾರುಗಳಿಗೆ.

ನಾವು ಹತ್ತಿರದಿಂದ ಬಲ್ಲದ್ದು ರೂನ್‌ಸ್ಕೇಪ್ ಎಂಬುದನ್ನು. ಇಂಗ್ಲೆಂಡಿನಲ್ಲಿ ಗವರ್ ಸಹೋದರರು ಇದನ್ನು ೨೦೦೧ರಲ್ಲಿ ಹೊರತಂದರು. ಕಾಲಕ್ರಮದಲ್ಲಿ ಆಟವು ಬಹಳವಾಗಿ ಬದಲಾಯಿತು. ಹಳಬರಿಗೆ ಅದು ರುಚಿಸಲಿಲ್ಲ. ೨೦೦೭ರಲ್ಲಿ ಇದ್ದ ರೂಪವೇ ತಮಗೆ ಬೇಕೆಂದು ಅವರು ಮತ ಹಾಕಿದರು. ೨೦೧೩ರಲ್ಲಿ ಅದನ್ನು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಹೆಸರಿನಿಂದ ಮರಳಿ ತೆರೆದರು. ೨೦೧೮ರಲ್ಲಿ ಅದು ಮೊಬೈಲಿಗೂ ಬಂದಿತು. ಅದರ ಒಂದು ಭಾಗಕ್ಕೆ ಹಣ ಕೊಡಬೇಕಿಲ್ಲವಾದ್ದರಿಂದ ನಮ್ಮ ಕಾಸರಗೋಡಿನ ಹಳ್ಳಿಯ ಹುಡುಗನಿಗೂ ಅದರ ಬಾಗಿಲು ತೆರೆದಂತಾಯಿತು.

ಹೊಸಬನಿಗೆ ಅಲ್ಲಿ ದೊರೆಯುವ ಮೊದಮೊದಲ ಕೆಲಸಗಳಲ್ಲಿ ಒಂದನ್ನು ಹೇಳುತ್ತೇವೆ. ಲಂಬ್ರಿಜ್ ಎಂಬ ಊರಿನ ಬಳಿ ಫ್ರೆಡ್ ಎಂಬ ರೈತನಿದ್ದಾನೆ. ಅವನಿಗೆ ಇಪ್ಪತ್ತು ಉಂಡೆ ಉಣ್ಣೆಯ ನೂಲು ಬೇಕು. ಕತ್ತರಿ ಹಿಡಿದು ಕುರಿಗಳ ಹಿಂದೆ ತಿರುಗಬೇಕು. ಕೆಲವು ಕುರಿಗಳು ಕೈಗೆ ಸಿಕ್ಕಂತೆ ಮಾಡಿ ತಪ್ಪಿಸಿಕೊಳ್ಳುತ್ತವೆ. ದೊರೆತ ಉಣ್ಣೆಯನ್ನು ಕೋಟೆಯ ಮಾಳಿಗೆಗೆ ಹೊತ್ತು, ಅಲ್ಲಿರುವ ರಾಟೆಯಲ್ಲಿ ನೂತು, ಇಳಿದು ಬಂದು ಒಪ್ಪಿಸಬೇಕು. ಇಷ್ಟೇ. ಯುದ್ಧವಿಲ್ಲ, ಜಯಘೋಷವಿಲ್ಲ. ಪಾಠವೆಂದು ಹೇಳಿಕೊಟ್ಟರೆ ಯಾವ ವಿದ್ಯಾರ್ಥಿಯೂ ಹತ್ತನೆಯ ಕುರಿಯನ್ನು ಮುಟ್ಟಲಾರನು. ಅಲ್ಲಿ ಇಪ್ಪತ್ತನ್ನೂ ಕತ್ತರಿಸಿ ನಗುತ್ತಾ ಹೋಗುತ್ತಾನೆ.

ಅನಂತರ ಗಣಿ. ಚೀಲದಲ್ಲಿ ೨೮ ವಸ್ತುಗಳಿಗೆ ಮಾತ್ರ ಎಡೆ. ತುಂಬಿದೊಡನೆ ಇರಿಸಲು ನಡೆಯಬೇಕು, ಮತ್ತೆ ಬರಬೇಕು. ಒಂದು ತಾಮ್ರದ ಅದಿರಿಗೆ ಒಂದು ತವರದ ಅದಿರು ಸೇರಿದರೆ ಕಂಚಿನ ಒಂದು ಪಾಳ. ಇಲ್ಲಿ ಆಟದವರು ಲೋಹಶಾಸ್ತ್ರವನ್ನು ಗಾಳಿಗೆ ತೂರಿದ್ದಾರೆಂದು ಹೇಳದೆ ವಿಧಿಯಿಲ್ಲ. ಸಾಮಾನ್ಯ ಕಂಚಿನಲ್ಲಿ ತವರವು ಹತ್ತರಲ್ಲೊಂದು ಪಾಲಿನ ಆಸುಪಾಸು. ಇದೇ ಕೇರಳದ ಆರನ್ಮುಳದಲ್ಲಿ ಎರಕ ಹೊಯ್ಯುವ ಲೋಹದ ಕನ್ನಡಿಯಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು. ಅಷ್ಟಕ್ಕೇ ಅದು ಮುಖ ಕಾಣುವಷ್ಟು ಹೊಳೆಯುತ್ತದೆ, ಕೈಜಾರಿದರೆ ಒಡೆಯುತ್ತದೆ. ಸರಿಪಾಲು ತವರವನ್ನು ಸುರಿದು ಮಾಡಿದ ಖಡ್ಗವು ಮೊದಲ ಏಟಿಗೇ ಚೂರಾದೀತು. ಅದಂತಿರಲಿ. ಕಬ್ಬಿಣವನ್ನು ಅಗೆಯಲು ಹದಿನೈದನೆಯ ಮೆಟ್ಟಿಲಿಗೆ ಏರಿರಬೇಕು. ಸಾಧಾರಣ ಕುಲುಮೆಗೆ ಹಾಕಿದ ಕಬ್ಬಿಣದಲ್ಲಿ ಸುಮಾರು ಅರ್ಧ ವ್ಯರ್ಥವಾಗುತ್ತದೆ. ಉಕ್ಕಿಗೆ ಒಂದು ಕಬ್ಬಿಣಕ್ಕೆ ಎರಡು ಕಲ್ಲಿದ್ದಲು. ಅದರಿಂದ ಮೇಲೆ ಮಿಥ್ರಿಲ್, ಅಡಮಂಟೈಟ್, ರೂನೈಟ್ ಎಂಬ ಕಲ್ಪನೆಯ ಲೋಹಗಳು. ಅವಕ್ಕೆ ಕ್ರಮವಾಗಿ ನಾಲ್ಕು, ಆರು, ಎಂಟು ಕಲ್ಲಿದ್ದಲು. ಲೋಹ ಶ್ರೇಷ್ಠವಾದಷ್ಟೂ ಕಲ್ಲಿದ್ದಲನ್ನು ಹೊರುವ ಕೆಲಸವೇ ಹೆಚ್ಚಾಗುವುದು.

ಇದರಲ್ಲಿ ಏನು ಸುಖವೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. ಕಬ್ಬಿಣದ ಒಂದು ಗಟ್ಟಿ ಕೈಸೇರಿದೊಡನೆ ೩೫ ಅನುಭವಾಂಕಗಳು ಲೆಕ್ಕಕ್ಕೆ ಬೀಳುತ್ತವೆ. ಆ ಕ್ಷಣವೇ ಬೀಳುತ್ತವೆ. ನಾವು ಅಧ್ಯಾಪಕರು ಉತ್ತರಪತ್ರಿಕೆಯನ್ನು ತಿದ್ದಿ ಮರಳಿಸಲು ತೆಗೆದುಕೊಳ್ಳುವ ಪಕ್ಷವನ್ನು ಇದರೊಡನೆ ಹೋಲಿಸಿ ನೋಡಬಹುದು.

ಈ ಆಟದಲ್ಲಿ ನಮಗೆ ಮೆಚ್ಚಿಕೆಯಾದ ಇನ್ನೊಂದು ನಿಯಮವುಂಟು. ಬಂಡೆ ಕಡಿದವನಿಗೆ ಬಂಡೆ ಕಡಿಯುವ ವಿದ್ಯೆ ಮಾತ್ರ ಹೆಚ್ಚುತ್ತದೆ. ಅದನ್ನು ಕೊಟ್ಟು ಮೀನು ಹಿಡಿಯುವ ವಿದ್ಯೆಯನ್ನು ಕೊಳ್ಳಲಾಗದು. ಮೀನು ಹಿಡಿಯಬೇಕಾದರೆ ನೀರಿನ ಬಳಿಗೇ ಹೋಗಬೇಕು. ಎಲ್ಲ ಆಟಗಳೂ ಹೀಗಲ್ಲ. ನಮ್ಮ ವಿದ್ಯಾರ್ಥಿದೆಸೆಯಲ್ಲಿ, ಮಂಗಳೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ತೆತ್ತು ಆಡುತ್ತಿದ್ದ ಡಯಾಬ್ಲೊ ಎರಡನೆಯ ಭಾಗವು ಬೇರೆ ಜಾತಿಯದು. ೨೦೦೦ದಲ್ಲಿ ಬಂದ ಆ ಆಟದಲ್ಲಿ ಯಾವ ಪಿಶಾಚಿಯನ್ನು ಹೇಗೆ ಕೊಂದರೂ ಸರಿ, ಒಂದು ಮೆಟ್ಟಿಲು ಏರಿದಾಗ ಒಂದು ಕೌಶಲದ ಅಂಕ ದೊರೆಯುತ್ತದೆ. ಅದನ್ನು ಬೆಂಕಿಯ ಮಂತ್ರಕ್ಕೆ ಹಾಕುವುದೋ ಹಿಮದ ಮಂತ್ರಕ್ಕೆ ಹಾಕುವುದೋ ಆಡುವವನ ಇಷ್ಟ. ತೊಂಬತ್ತೊಂಬತ್ತನೆಯ ಮೆಟ್ಟಿಲಿನವರೆಗೆ ಏರಿದವನಿಗೆ ೯೮, ನಡುವಿನ ಕೆಲವು ಕಾರ್ಯಗಳಿಂದ ೧೨, ಒಟ್ಟು ೧೧೦. ಒಬ್ಬ ಪಾತ್ರಧಾರಿಯ ಮುಂದಿರುವ ವಿದ್ಯೆಗಳು ಮೂವತ್ತು. ಒಂದೊಂದಕ್ಕೂ ಇಪ್ಪತ್ತರವರೆಗೆ ಹಾಕಬಹುದು. ಎಲ್ಲವನ್ನೂ ತುಂಬಲು ೬೦೦ ಬೇಕು, ಇರುವುದು ೧೧೦. ಐದು ವಿದ್ಯೆಗಳನ್ನು ಪೂರ್ಣಗೊಳಿಸಿ ಆರನೆಯದನ್ನು ಅರ್ಧಕ್ಕೆ ಬಿಡುವಷ್ಟು ಮಾತ್ರ ಆಯುಷ್ಯ.

ಹತ್ತು ವರ್ಷಗಳ ಕಾಲ, ಒಮ್ಮೆ ಹಾಕಿದ ಅಂಕವನ್ನು ಅಲ್ಲಿ ಹಿಂದಕ್ಕೆ ತೆಗೆಯುವಂತಿರಲಿಲ್ಲ. ಆದುದರಿಂದ ಕೆಲವರು ಮೂವತ್ತನೆಯ ಮೆಟ್ಟಿಲಿನಲ್ಲಿ ತೆರೆಯುವ ಹಿರಿಯ ವಿದ್ಯೆಗಳಿಗಾಗಿ ಅಂಕಗಳನ್ನು ಹಾಕದೆ ಕೂಡಿಟ್ಟುಕೊಂಡು, ಅಲ್ಲಿಯವರೆಗೆ ದುರ್ಬಲರಾಗಿಯೇ ನಡೆಯುತ್ತಿದ್ದರು. ಗಂಟಿನಲ್ಲಿ ಹಣವಿದ್ದೂ ಹಸಿದು ಮಲಗುವ ಜಿಪುಣನ ನೆನಪಾಗುತ್ತಿತ್ತು. ೨೦೧೦ರಲ್ಲಿ ಆಟವನ್ನು ತಿದ್ದಿ, ಅಂಕಗಳನ್ನು ಮರಳಿ ಹಂಚಿಕೊಳ್ಳುವ ಅವಕಾಶವನ್ನು ಕೊಟ್ಟರು. ಮೊದಲಿಗೆ ಪುಕ್ಕಟೆ, ಆ ಬಳಿಕ ಆಟದ ಅತಿ ಕಠಿಣ ಹಂತದಲ್ಲಿ ದೊಡ್ಡ ರಾಕ್ಷಸರಿಂದ ನಾಲ್ಕು ಬಗೆಯ ಸತ್ತ್ವಗಳನ್ನು ಸಂಪಾದಿಸಿ, ಒಂದು ಮಾಯಾಪೆಟ್ಟಿಗೆಯಲ್ಲಿ ಕೂಡಿಸಿದರೆ ಪಾಪವಿಮೋಚನೆಯ ಬಿಲ್ಲೆಯೊಂದು ದೊರೆಯುತ್ತದೆ. ಅಂದರೆ ಅಲ್ಲಿಯೂ ಕೊನೆಗೆ ಸಾಮಗ್ರಿ ಸಂಗ್ರಹಕ್ಕೇ ಬಂದು ನಿಂತಂತಾಯಿತು. ಈ ತಿದ್ದುಪಡಿಯನ್ನು ಆಟದ ಸ್ವಾರಸ್ಯವೇ ಹೋಯಿತೆಂದು ಜರೆದವರುಂಟು. ನಾವು ಜರೆಯುವುದಿಲ್ಲ. ಹದಿನೈದರ ವಯಸ್ಸಿನಲ್ಲಿ ಮಾಡಿದ ಆಯ್ಕೆಗೆ ಹುಡುಗರು ಜೀವಮಾನವೆಲ್ಲ ಕಟ್ಟುಬೀಳುವುದನ್ನು ಪ್ರತಿವರ್ಷ ನೋಡುವವರಿಗೆ ಅಂಥದೊಂದು ಬಿಲ್ಲೆಯ ಬೆಲೆ ಗೊತ್ತು.

ಇನ್ನು ನಮ್ಮ ಮನೆಯ ಸಂಗತಿ. ತಂಗಿಯ ಮಗನು ಪಕ್ಕದ ಕನ್ನಡ ಮಾಧ್ಯಮ ಶಾಲೆಯ ಹತ್ತನೆಯ ತರಗತಿಯಲ್ಲಿದ್ದಾಗ, ೨೦೨೩ರ ನವೆಂಬರಿನಲ್ಲಿ, ರೂನ್‌ಸ್ಕೇಪಿನ ಗಣಿಗಾರಿಕೆಯಲ್ಲಿ ತೊಂಬತ್ತೆರಡನೆಯ ಮೆಟ್ಟಿಲನ್ನು ಮುಟ್ಟಿದನು. ಅಲ್ಲಿ ಕೊನೆಯ ಮೆಟ್ಟಿಲು ತೊಂಬತ್ತೊಂಬತ್ತು. ಮಗನ ಕೈಯಿಂದ ಮೊಬೈಲನ್ನು ತೆಗೆದಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ತಂಗಿಯು ಸೋದರಮಾವನೂ ಅಧ್ಯಾಪಕರೂ ಆದ ನಮ್ಮನ್ನು ಕರೆಸಿದಳು. ಅವಳು ಬೀಡಿ ಕಟ್ಟುವವಳು. ಮಾತನಾಡುವಾಗಲೂ ಎಲೆ ಕತ್ತರಿಸುವ, ಹೊಗೆಸೊಪ್ಪಿನ ಹುಡಿ ತುಂಬುವ, ಸುರುಟುವ, ನೂಲು ಸುತ್ತುವ ಕೈ ನಿಲ್ಲುವುದಿಲ್ಲ.

"ತೊಂಬತ್ತೆರಡು ಆಯಿತಂತೆ ಅಣ್ಣ. ಇನ್ನು ಏಳೇ ಅಲ್ಲವಾ? ಅದೊಂದು ಮುಗಿಸಿಬಿಡಲಿ, ಮತ್ತೆ ಓದಲಿಕ್ಕೆ ಕೂರಲಿ" ಎಂದಳು.

ಹುಡುಗನು ನಮ್ಮ ಮುಖವನ್ನು ನೋಡಿದನು. ನಮಗೆ ಆ ಕೋಷ್ಟಕ ಗೊತ್ತೆಂಬುದು ಅವನಿಗೆ ಗೊತ್ತಿತ್ತು. ಅಲ್ಲಿ ಮೆಟ್ಟಿಲುಗಳ ಎತ್ತರ ಒಂದೇ ಸಮನಲ್ಲ. ಮೊದಲ ಮೆಟ್ಟಿಲನ್ನು ದಾಟಲು ೮೩ ಅಂಕ ಸಾಕು. ಮೇಲೆ ಹೋದಂತೆ ಏಳೇಳು ಮೆಟ್ಟಿಲಿಗೊಮ್ಮೆ ಒಟ್ಟು ಮೊತ್ತ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ತೊಂಬತ್ತೆರಡಕ್ಕೆ ೬೫,೧೭,೨೫೩, ತೊಂಬತ್ತೊಂಬತ್ತಕ್ಕೆ ೧,೩೦,೩೪,೪೩೧. ಉಳಿದಿದ್ದುದು ಏಳು ಮೆಟ್ಟಿಲಲ್ಲ, ಅರ್ಧ ದಾರಿ. ತಾಯಿ ಒಪ್ಪಿಯೇ ಆಗಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ನಾವು ಸತ್ಯವನ್ನು ಹೇಳಿಬಿಟ್ಟರೆ ಅವನು ನಮ್ಮೊಡನೆ ಮತ್ತೆ ಆಟದ ಮಾತನ್ನು ಆಡುವುದಿಲ್ಲವೆಂಬುದೂ ನಿಶ್ಚಯ.

"ಲೆಕ್ಕ ನೀನೇ ಹೇಳು" ಎಂದೆವು.

ತಾಯಿ ಐದಾರು ಬೀಡಿ ಕಟ್ಟುವವರೆಗೆ ಅವನು ಬಾಯಿ ತೆರೆಯಲಿಲ್ಲ. ಬಳಿಕ, "ಏಳಲ್ಲ ಅಮ್ಮ. ಅರ್ಧ ಉಂಟು" ಎಂದನು.

ಕಾಗದ ತಂದು ಭಾಗಿಸಿ ತೋರಿಸಿದನು. ಉಳಿದ ಅಂಕಗಳನ್ನು ಕಬ್ಬಿಣದಿಂದಲೇ ಗಳಿಸುವುದಾದರೆ ೧,೮೬,೦೦೦ಕ್ಕೆ ಮೇಲ್ಪಟ್ಟು ಗಟ್ಟಿಗಳು. ತನ್ನ ಕೈಯಲ್ಲಿ ಗಂಟೆಗೆ ಸಾವಿರದಷ್ಟು ಆಗುತ್ತದೆಂದನು. ಸಾವಿರವೆಂಬ ಮಾತು ಬಂದೊಡನೆ ತಂಗಿಗೆ ಎಲ್ಲವೂ ತಿಳಿಯಿತು. ಬೀಡಿಯ ಲೆಕ್ಕವೂ ಸಾವಿರದಲ್ಲಿಯೇ. "ನೂರ ಎಂಬತ್ತಾರು ಸಾವಿರ. ದಿನಕ್ಕೆ ಎರಡು ಗಂಟೆ ಕೂತರೆ ತೊಂಬತ್ತಮೂರು ದಿನ. ಆಗ ಮಾರ್ಚಿನ ಪರೀಕ್ಷೆ ಎದುರಿಗೇ ಬಂತಲ್ಲ" ಎಂದು ನಮಗಿಂತ ಮೊದಲೇ ಹೇಳಿದಳು. ಕುಲುಮೆಯಲ್ಲಿ ಕಬ್ಬಿಣದ ಅರ್ಧ ಹಾಳಾಗುವ ವಿಷಯವನ್ನು ಕೇಳಿ, "ಅಲ್ಲಿಯೂ ತೆಗೆದು ಬಿಸಾಡ್ತಾರಾ?" ಎಂದು ನಕ್ಕಳು. ಬ್ರಾಂಚಿನಲ್ಲಿ ಕಳಪೆಯೆಂದು ತೆಗೆದಿಟ್ಟ ಬೀಡಿಗಳು ಅವಳ ಮನಸ್ಸಿನಲ್ಲಿದ್ದಿರಬೇಕು.

"ನಾನು ಸಾವಿರ ಕಟ್ಟಿದರೆ ದುಡ್ಡು ಬರ್ತದೆ. ನಿನಗೆ ಯಾರು ಕೊಡ್ತಾರೆ?"

ಆಗ ಹುಡುಗನು ವೆನೆಜುವೆಲಾದ ಮಾತನ್ನು ತೆಗೆದನು. ಆ ದೇಶದ ನಾಣ್ಯವು ಬೆಲೆ ಕಳೆದುಕೊಂಡಿದ್ದ ೨೦೧೭ರ ಹೊತ್ತಿನಲ್ಲಿ ಅಲ್ಲಿನ ಅನೇಕರು ಇದೇ ಆಟದಲ್ಲಿ ಹಸುರು ಘಟಸರ್ಪಗಳನ್ನು ಕೊಂದು, ಎಲುಬು ತೊಗಲುಗಳನ್ನು ಕೂಡಿಸಿ ಮಾರಿ, ಬಂದ ಆಟದ ಚಿನ್ನವನ್ನು ಹೊರಗಿನವರಿಗೆ ನಿಜವಾದ ಹಣಕ್ಕೆ ಕೊಟ್ಟು ಬದುಕಿದರು. ಆಟದ ಒಡೆಯರು ಅಂಥ ಮಾರಾಟವನ್ನು ನಿಷೇಧಿಸಿದ್ದಾರೆಂಬುದನ್ನು ನಾವು ಸೇರಿಸಿದೆವು.

ತಂಗಿಯ ಕೈ ಆಗ ಮಾತ್ರ ಒಂದು ಗಳಿಗೆ ನಿಂತಿತು. "ಅದು ಅವರ ಹೊಟ್ಟೆಪಾಡು. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರಾ?" ಎಂದು ಕೇಳಿದಳು. ನಾವಿಬ್ಬರೂ ಸುಮ್ಮನಿದ್ದೆವು.

ಸ್ವಲ್ಪ ಹೊತ್ತಿನ ಮೇಲೆ ಮಗನನ್ನೇ ಕೇಳಿದಳು: "ಈಗ ನಿಲ್ಲಿಸಿದರೆ ಆದ ಅರ್ಧ ಹೋಗ್ತದಾ?"

"ಇಲ್ಲ. ಅಲ್ಲೇ ಇರ್ತದೆ."

"ಹಾಗಾದರೆ ಇರಲಿ. ಎಲೆ ಒದ್ದೆ ಮಾಡಿಟ್ಟರೆ ಒಂದು ದಿನಕ್ಕೆ ಹಾಳು. ನಿನ್ನದು ಹಾಳಾಗುವ ಮಾಲಲ್ಲವಲ್ಲ."

ಮೊಬೈಲನ್ನು ಅವಳು ತೆಗೆದಿಡಲಿಲ್ಲ. ಅವನೇ ತಂದು ಬೀಡಿ ಎಲೆಯ ಕಟ್ಟಿನ ಪಕ್ಕದಲ್ಲಿ ಇಟ್ಟನು. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಒಂದು ಗಂಟೆ ಮಾತ್ರವೆಂದು ಗೊತ್ತಾಯಿತು. ಆ ಗಂಟೆಯಲ್ಲಿ ಅವನು ಕಬ್ಬಿಣವನ್ನು ಅಗೆಯದೆ ಮೀನು ಹಿಡಿಯುತ್ತಿದ್ದುದನ್ನು ನಾವು ನೋಡಿದ್ದೇವೆ. ಮೀನಿನ ವಿದ್ಯೆಯಲ್ಲಿ ಅವನಿನ್ನೂ ಕೆಳಗಿನ ಮೆಟ್ಟಿಲುಗಳಲ್ಲಿದ್ದನಾದ್ದರಿಂದ ಅಲ್ಲಿ ಬೇಗಬೇಗನೆ ಏರಬಹುದಿತ್ತು.

ಮರುವರ್ಷದ ಬೇಸಗೆ ರಜೆಯಲ್ಲಿ ಮತ್ತೆ ಬಂಡೆಗೆ ಮರಳಿದನು. ತೊಂಬತ್ತಮೂರು ಆದ ದಿನ ನಾವು ಅವರ ಮನೆಗೆ ಹೋದಾಗ ಸುದ್ದಿ ಹೇಳಿದವಳು ತಂಗಿಯೇ. "ಇನ್ನು ನೂರ ಅರವತ್ತಾರು ಸಾವಿರ ಚಿಲ್ಲರೆ" ಎಂದಳು, ಎಲೆಯ ಮೇಲಿಂದ ಕಣ್ಣು ತೆಗೆಯದೆ.