ಕಣ್ಣು ಮಸುಕು, ಓಲೆ ಸ್ಪಷ್ಟ

ಅಜ್ಜಿಗೆ ಎಂಬತ್ತು ತುಂಬಿದ ದಿನ ಮನೆಯಲ್ಲಿ ಗದ್ದಲವಾದದ್ದು ಒಂದು ಫೋಟೋದಿಂದ. ರೇಷನ್ ಕಾರ್ಡಿನ ಚಿಕ್ಕ ಚಿತ್ರ ಬಿಟ್ಟರೆ ಆಕೆಯ ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಪಿಯುಸಿ ಓದುವ ಮೊಮ್ಮಗಳು ಸೋದರಮಾವ ಕೊಟ್ಟ ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು, ಕಿಟಕಿಯ ಬೆಳಕಿಗೆ ಅಜ್ಜಿಯನ್ನು ಓರೆಯಾಗಿ ಕೂರಿಸಿ, ಕಣ್ಣಿನ ಮೇಲೇ ಫೋಕಸ್ ಬಿಂದುವನ್ನಿಟ್ಟು ಹತ್ತಾರು ಬಾರಿ ಕ್ಲಿಕ್ಕಿಸಿದಳು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎಲ್ಲದರಲ್ಲೂ ಕಣ್ಣು ಮಸುಕು. ಕಿವಿಯ ಓಲೆಯ ಹರಳುಗಳು ಮಾತ್ರ ಎಣಿಸುವಷ್ಟು ಸ್ಪಷ್ಟ!

"ಕೈ ನಡುಗಿಸಿದ್ದೀಯ" ಎಂದರು ತಂದೆ. ಪರೀಕ್ಷೆಯ ವರ್ಷ ಕ್ಯಾಮೆರಾ ಏಕೆಂಬ ಮಾತೂ ಹಿಂದೆಯೇ ಬಂತು. ಕ್ಯಾಮೆರಾ ಬೀರು ಸೇರಿತು.

ಹುಡುಗಿಗೆ ಅವಮಾನಕ್ಕಿಂತ ಅನುಮಾನ ಹೆಚ್ಚಾಯಿತು. ಕೈ ನಡುಗಿದ್ದರೆ ಓಲೆಯೂ ಅಲುಗಬೇಕಿತ್ತಲ್ಲವೇ? ಅಲ್ಲದೆ ತಪ್ಪು ಪ್ರತಿ ಸಲವೂ ಒಂದೇ ಕಡೆಗೆ, ಹಿಂದಕ್ಕೆ. ಆಗ ನೆನಪಾದದ್ದು ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್. ದವಡೆ ಮುಚ್ಚಿದಾಗಲೂ ಸೊನ್ನೆಗೆ ಸೊನ್ನೆ ಕೂಡದ ಉಪಕರಣದಲ್ಲಿ ಎಷ್ಟು ಬಾರಿ ಅಳೆದು ಸರಾಸರಿ ತೆಗೆದರೂ ತಪ್ಪು ಉಳಿಯುತ್ತದೆ. ಶೂನ್ಯ ದೋಷವನ್ನು ಕಂಡುಹಿಡಿದೇ ಕಳೆಯಬೇಕು. ಬಹುತೇಕ ಮಕ್ಕಳು ಅಂಕಕ್ಕಾಗಿ ಕಲಿತು ಮರೆಯುವ ಪಾಠವಿದು.

ಕ್ಯಾಮೆರಾದಲ್ಲಿ ಶೂನ್ಯ ದೋಷ ಎಲ್ಲಿಂದ ಬಂತು? ಎಸ್‌ಎಲ್‌ಆರ್‌ನೊಳಗಿನ ಕನ್ನಡಿ ಬೆಳಕಿನ ಹೆಚ್ಚು ಪಾಲನ್ನು ಮೇಲಿನ ವ್ಯೂಫೈಂಡರಿಗೆ ಕಳಿಸುತ್ತದೆ. ಅದರ ಮಧ್ಯಭಾಗ ಅರೆಪಾರದರ್ಶಕ. ಅಲ್ಲಿ ತೂರಿದ ಬೆಳಕನ್ನು ಹಿಂದಿನ ಪುಟ್ಟ ಕನ್ನಡಿಯೊಂದು ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ಇಳಿಸುತ್ತದೆ. ಲೆನ್ಸನ್ನು ಎಷ್ಟು ಸರಿಸಬೇಕೆಂಬ ಲೆಕ್ಕ ನಡೆಯುವುದು ಅಲ್ಲಿ. ಆದರೆ ಚಿತ್ರ ಮೂಡುವುದು ಬೇರೆಡೆ, ಕನ್ನಡಿ ಮೇಲೆದ್ದ ನಂತರ ಮುಖ್ಯ ಸಂವೇದಕದ ಮೇಲೆ. ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಹಿಂದೆಯೋ ಮುಂದೆಯೋ ಬೀಳುತ್ತದೆ. (ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಮುಖ್ಯ ಸಂವೇದಕದಲ್ಲೇ ಫೋಕಸ್ ನೋಡುವುದರಿಂದ ಅವಕ್ಕೆ ಈ ಕಾಟ ಬಹುಮಟ್ಟಿಗಿಲ್ಲ.) ಅವಳ 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದರೆ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಸೆಂ.ಮೀ. ಅಷ್ಟೆ. ಎಫ್/8ರಲ್ಲಾದರೆ ದೋಷ ಅಡಗಿ ಕೂರುತ್ತದೆ.

ಭಾನುವಾರ ಬೀರುವಿನ ಬೀಗದ ಕೈ ಕೊಟ್ಟವರು ಅಮ್ಮ. ಮೇಜಿನ ಮೇಲೆ ಪುಸ್ತಕವೊಂದನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು, ಅದರ 15ನೇ ಗೆರೆಯನ್ನು ಪುಸ್ತಕದ ರಟ್ಟಿಗೆ ಸಮ ಮಾಡಿದಳು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, 1.25 ಮೀಟರ್ ದೂರದಲ್ಲಿ. ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ರಟ್ಟಿನ ಅಕ್ಷರದ ಮೇಲೆ ಹಿಡಿದು ಹತ್ತು ಚಿತ್ರ. ಹತ್ತರಲ್ಲೂ ಸ್ಪಷ್ಟವಿದ್ದದ್ದು ಗೆರೆಯಿಂದ 5 ಸೆಂ.ಮೀ. ಆಚೆ, ಅಂದರೆ ಓರೆಯ ಲೆಕ್ಕ ಕಳೆದರೆ ಸುಮಾರು 3.5 ಸೆಂ.ಮೀ. ಹಿಂದೆ.

2007ರಿಂದ ಕೆನಾನ್, ನಿಕಾನ್‌ಗಳ ಕೆಲವು ದುಬಾರಿ ಮಾದರಿಗಳಲ್ಲಿ ಇದನ್ನು ಮೆನುವಿನಲ್ಲೇ ತಿದ್ದುವ ಸೌಲಭ್ಯ ಬಂತು. ಅವಳ ಕ್ಯಾಮೆರಾದಲ್ಲೂ ಇತ್ತು. ಪ್ಲಸ್ 20ರಿಂದ ಮೈನಸ್ 20ರವರೆಗೆ: ಪ್ಲಸ್ ಎಂದರೆ ದೂರಕ್ಕೆ, ಮೈನಸ್ ಎಂದರೆ ಹತ್ತಿರಕ್ಕೆ. ಮೈನಸ್ 5 ಸಾಲಲಿಲ್ಲ, 15 ಹೆಚ್ಚಾಯಿತು. ಮೈನಸ್ 11ಕ್ಕೆ 15ನೇ ಗೆರೆ ಗೀರಿದಂತೆ ಕಂಡಿತು.

ಚಿತ್ರಗಳನ್ನು ಒಂದೊಂದಾಗಿ ನೋಡಿದ ತಂದೆ ಏನೂ ಹೇಳಲಿಲ್ಲ. ಕಿಟಕಿಯ ಬಳಿ ಕುರ್ಚಿ ತಂದಿಟ್ಟರು.

ಈಗ ಹಜಾರದಲ್ಲಿರುವುದು ಆ ಎರಡನೆಯ ಫೋಟೋ. ಕಣ್ಣಿನ ಸುತ್ತಲ ಸುಕ್ಕೂ ಕಾಣುತ್ತದೆ. ಅಜ್ಜಿ ತನ್ನ ದಿಂಬಿನಡಿ ಇಟ್ಟುಕೊಂಡದ್ದು ಮಾತ್ರ ಮೊದಲನೆಯದನ್ನು. ಓಲೆ ಆಕೆಯ ತಾಯಿಯದಂತೆ.