ಮೊಮ್ಮಗನ ಆಟದಲ್ಲಿ ನಮ್ಮ ಮೊದಲ ಸಂಜೆ

ಪುಣೆಯಿಂದ ರಜೆಗೆ ಬಂದ ಮೊಮ್ಮಗ, ‘ಅಜ್ಜಾ, ನೀವೂ ಆಡ್ರಿ’ ಎಂದು ಹಠ ಹಿಡಿದ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2024ರಲ್ಲಿ ತಂದ ‘ಡ್ರ್ಯಾಗನ್ಸ್ ಡಾಗ್ಮಾ 2’ ಎಂಬ ವಿಡಿಯೋ ಆಟ. ಮೊದಲ ಭಾಗ 2012ರದು. ಕತ್ತಿ ಬೀಸುವುದು ನಮಗೆ ಒಗ್ಗಲಿಲ್ಲ. ಆದರೆ ಹೊರೆಯ ಲೆಕ್ಕ ಥಟ್ಟನೆ ತಿಳಿಯಿತು: ಸಾಮಾನು ಹೆಚ್ಚಾದರೆ ನಡಿಗೆ ನಿಧಾನ, ಸಂಗಡಿಗರಿಗೆ ಹಂಚಬೇಕು, ಹಣ್ಣು ಇಟ್ಟರೆ ಕೊಳೆಯುತ್ತದೆ, ರಾತ್ರಿ ಕಂದೀಲಿಗೆ ಎಣ್ಣೆ ಬೇಕು. ಯಾರೋ ಕಿರಾಣಿಯವರೇ ಕೂತು ಮಾಡಿದ ಆಟವೇನೋ ಎನಿಸಿತು.

ಬಿಡಾರದಲ್ಲಿ ಮಾಂಸ ಸುಡುವ ಚಿತ್ರ ಬಂದಾಗ ಮಾತ್ರ ನಾವು ಎದ್ದುಬಿಟ್ಟೆವು. ಹುಡುಗನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತಿಗೆ ಅವನೇ ಒಳಗೆ ಬಂದು, ‘ಅಡಿಗಿ ಬಿಟ್ಟು ಬರೀ ಮಲಗಲಿಕ್ಕೂ ಬರ್ತದ ಅಜ್ಜಾ, ಬರ್ರಿ’ ಎಂದ. ಚಷ್ಮಾ ಒರೆಸಿಕೊಂಡು ಮತ್ತೆ ಕುಳಿತೆವು.