ಹೃದಯದ ಆರೈಕೆ ಅರ್ಧ ದಾರಿಯಲ್ಲಿ ನಿಲ್ಲದಿರಲಿ

ದೇಹವು ಅಲ್ಲಾಹನು ನಮ್ಮ ವಶಕ್ಕೊಪ್ಪಿಸಿದ ಅಮಾನತ್. ಅದನ್ನು ಕಾಯುವ ಹೊಣೆಯು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮುಗಿಯುವುದಿಲ್ಲ.

ಬೈಪಾಸ್ ಆದ ಬಳಿಕ ನಮ್ಮ ಉಮ್ಮನವರಿಗೆ ವೈದ್ಯರು, ಕಾರ್ಡಿಯಾಕ್ ರಿಹ್ಯಾಬ್ ಎನ್ನುವ ಹೃದಯ ಪುನಶ್ಚೇತನ ಕಾರ್ಯಕ್ರಮಕ್ಕೆ ಸೇರುವಂತೆ ಸೂಚಿಸಿದರು. ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು. ತಜ್ಞರ ನಿಗಾದಲ್ಲಿ ವ್ಯಾಯಾಮ, ಆಹಾರ ಮತ್ತು ಔಷಧಗಳ ತಿಳಿವಳಿಕೆ, ಮನಸ್ಸಿಗೆ ಧೈರ್ಯ ತುಂಬುವ ಮಾತು ಅದರ ಅಂಗಗಳು. ಮೂರನೆಯ ವಾರ ಉಮ್ಮ, “ಇನ್ನು ಸಾಕು, ನಾನು ಗುಣವಾಗಿದ್ದೇನೆ” ಎಂದರು. ಒಡಹುಟ್ಟಿದವರೆಲ್ಲ ಕುಳಿತು ವಿಚಾರಿಸಿದಾಗ ನಿಜವಾದ ಕಾರಣಗಳು ಹೊರಬಂದವು. ನಡೆಯುವಾಗ ಎದೆಬಡಿತ ಏರಿದರೆ ಏನಾದೀತೋ ಎಂಬ ಭಯ. ತನ್ನಿಂದಾಗಿ ಮಕ್ಕಳ ಕೆಲಸ ಕೆಡುತ್ತಿದೆಯೆಂಬ ಸಂಕೋಚ.

ಈ ಭಯಕ್ಕೆ ಇತಿಹಾಸವಿದೆ. ಹೃದಯಾಘಾತವಾದವರನ್ನು ಹಿಂದೆ ವೈದ್ಯರೇ ವಾರಗಟ್ಟಲೆ ಮಲಗಿಸಿಡುತ್ತಿದ್ದರು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. ಕ್ರಮಬದ್ಧ ವ್ಯಾಯಾಮವು ಹೃದ್ರೋಗದ ಸಾವನ್ನೂ ಮತ್ತೆ ಆಸ್ಪತ್ರೆ ಸೇರುವ ಸಂಭವವನ್ನೂ ತಗ್ಗಿಸುತ್ತದೆಂದು ಇಂದು ಅಧ್ಯಯನಗಳಿಂದ ತಿಳಿದುಬಂದಿದೆ. ಆದರೂ ಅನೇಕರು ನಡುವೆಯೇ ಬಿಡುತ್ತಾರೆ. ಮಹಿಳೆಯರಂತೂ ಸೇರುವುದೇ ಕಡಿಮೆ.

ನಾವು ದಿನಗಳನ್ನು ಹಂಚಿಕೊಂಡೆವು. ಯಾವ ದಿನ ಯಾರು ಕರೆದೊಯ್ಯಬೇಕೆಂಬುದು ಮೊದಲೇ ನಿಶ್ಚಯವಾದಾಗ ಉಮ್ಮ ಯಾರನ್ನೂ ಬೇಡಬೇಕಾಗಲಿಲ್ಲ. ಉಳಿದ ದಿನ ಅಸರ್ ನಮಾಝ್‌ನ ಬಳಿಕ ಮೊಮ್ಮಕ್ಕಳು ಅಂಗಳದಲ್ಲಿ ಜೊತೆಗೆ ನಡೆದರು. ನಡೆಯುತ್ತಲೇ ಮಾತಾಡಲು ಸಾಧ್ಯವಾಗುವಷ್ಟು ವೇಗ ಸಾಕು, ಎದೆನೋವು ಬಂದರೆ ಒಡನೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು ಎಂದು ತಜ್ಞರು ಹೇಳಿದ್ದರು. ಈ ಅಳತೆ ಕೈಗೆ ಸಿಕ್ಕಿದಾಗ ಅವರ ಭಯ ಇಳಿಯಿತು. ಅವರಿಗಾಗಿ ಪ್ರತ್ಯೇಕ ಪಾತ್ರೆಯಿಡದೆ, ಮನೆಮಂದಿಯೆಲ್ಲ ಉಪ್ಪು, ಎಣ್ಣೆ ಕಡಿಮೆ ಮಾಡಿದೆವು. ರಮಝಾನ್ ಸಮೀಪಿಸಿದಾಗ ಔಷಧದ ಸಮಯವನ್ನು ನಾವೇ ಬದಲಿಸದೆ ವೈದ್ಯರನ್ನು ಕೇಳಿದೆವು. ರೋಗಿಗೆ ಉಪವಾಸದಲ್ಲಿ ಅಲ್ಲಾಹನೇ ರಿಯಾಯಿತಿ ನೀಡಿರುವನಲ್ಲವೇ?

ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವು ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹೃದಯದ ಚೇತರಿಕೆಯೂ ಅಂತಹ ನಿರಂತರತೆಯನ್ನೇ ಬೇಡುತ್ತದೆ. ರೋಗಿಗೆ “ಹೋಗಿ ಬನ್ನಿ” ಎನ್ನುವುದು ಸುಲಭ. “ಬನ್ನಿ, ಜೊತೆಗೆ ಹೋಗೋಣ” ಎನ್ನುವುದು ಸೇವೆ. ನಮ್ಮ ಮನೆಗಳ ಹಿರಿಯರು ಈ ದಾರಿಯಲ್ಲಿ ಒಂಟಿಯಾಗದಂತೆ ನೋಡಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.